ಕೊಂಡಿಯ ಮೇಲಿನ ಕುಂಕುಮ

ನಾನು ಎರಡು ಚಕ್ರದ ಮೇಲೆ ಕೂತಿದ್ದ ಒಂದು ಮನೆ. ಪೇಟೆಯವರು ನನ್ನನ್ನು ಕ್ಯಾರವಾನ್ ಅಂದರು, ಹಳ್ಳಿಯವರು ಗಾಡಿಮನೆ ಅಂದರು. ಎರಡಕ್ಕೂ ನಾನು ಓಗೊಡುತ್ತೇನೆ. ನನಗೆ ಸ್ವಂತ ಇಂಜಿನ್ ಇಲ್ಲ. ಮುಂದೆ ಒಂದು ಕಬ್ಬಿಣದ ತೊಲೆ, ತೊಲೆಯ ತುದಿಗೆ ಒಂದು ಕೊಂಡಿ ಇತ್ತು. ಅದನ್ನು ಯಾರದಾದರೂ ಜೀಪಿಗೆ ಸಿಕ್ಕಿಸಿದರೆ ಸಾಕು, ಅವರ ಹಿಂದೆ ನಡೆದುಬಿಡುತ್ತಿದ್ದೆ. ಒಳ್ಳೆಯವರೋ ಕೆಟ್ಟವರೋ ಅಂತ ಕೇಳುವ ಬಾಯಿ ನನಗಿಲ್ಲ. ಆದರೆ ಅನುಮಾನ ಪಡುವುದಕ್ಕೆ ಬಾಯಿ ಬೇಕಾಗಿಲ್ಲವಲ್ಲ! ನಾನು ಮನುಷ್ಯರನ್ನು ಕೆಳಗಿನಿಂದ ನೋಡುತ್ತೇನೆ. ಚಪ್ಪಲಿ ಎಲ್ಲಿ ಬಿಡುತ್ತಾರೆ, ಮೆಟ್ಟಿಲ ಮೇಲೆ ಕಾಲು ಹೇಗೆ ಊರುತ್ತಾರೆ, ಬಗ್ಗಿ ನನ್ನ ಹೊಟ್ಟೆಯಡಿ ನೋಡುತ್ತಾರೋ ಇಲ್ಲವೋ, ಇಷ್ಟರಲ್ಲೇ ಅವರ ಗುಣ ನನಗೆ ತಿಳಿಯುತ್ತದೆ.

ನಾನು ಹುಟ್ಟಿದ್ದು ಹರಿಹರದ ಹೊರಗೆ, ಲಾರಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಕಟ್ಟಿದವರು ಖಾಜಾಸಾಬರು. ಮಾಡಿಸಿದವರು ಮುಧೋಳಕರ್ ಅಂತ ಕೆಲಸದಿಂದ ನಿವೃತ್ತರಾದ ಒಬ್ಬ ಇಂಜಿನಿಯರು. ಹೆಂಡತಿಯನ್ನು ಕೂರಿಸಿಕೊಂಡು ಊರೂರು ತಿರುಗಬೇಕು ಅನ್ನುವುದು ಅವರ ಆಸೆ. ಖಾಜಾಸಾಬರು ಅದುವರೆಗೆ ಕಟ್ಟಿದ್ದೆಲ್ಲ ಲಾರಿಯೇ. ಮಂಚ, ಒಲೆಕಟ್ಟೆ, ಕೈತೊಳೆಯುವ ಬೇಸಿನ್ ಇರುವ ಗಾಡಿ ಅವರಿಗೂ ಹೊಸದು. ಮೂಲೆಯಲ್ಲಿ ನಿಂತು ನನ್ನನ್ನು ನೋಡಿ ಅವರೇ ನಗುತ್ತಿದ್ದರು.

ಒಲೆಕಟ್ಟೆಯ ಕೆಳಗೆ, ಸಿಲಿಂಡರ್ ನಿಲ್ಲುವ ಜಾಗದಲ್ಲಿ ಅವರು ನೆಲಕ್ಕೆ ಅಂಗೈಯಗಲದ ಒಂದು ಕಂಡಿ ಕೊರೆದು ಅದಕ್ಕೆ ತಂತಿಯ ಜಾಳಿಗೆ ಹಾಕಿದರು. ಮುಧೋಳಕರರಿಗೆ ಸಿಟ್ಟು ಬಂತು.

"ಏನ್ರೀ ಸಾಬ್ರೆ, ಹೊಸ ನೆಲಕ್ಕೆ ತೂತು ಕೊರೆದುಬಿಟ್ಟರಲ್ಲ?"

"ಗ್ಯಾಸು ಗಾಳಿಗಿಂತ ಭಾರ ಸ್ವಾಮಿ. ಸೋರಿದರೆ ಮೇಲೆ ಹೋಗಲ್ಲ, ನೆಲ ಹಿಡಿದು ಕೂತ್ಕೊಳುತ್ತೆ. ಅದು ಹೊರಗೆ ಹೋಗೋಕೆ ಒಂದು ಬಾಗಿಲು ಬೇಡ್ವಾ? ನಿಮಗೆ ಬಾಗಿಲಿಟ್ಟೆ, ಅದಕ್ಕೂ ಇಟ್ಟೆ."

ಮುಧೋಳಕರರು ನನ್ನನ್ನು ಗೋಕರ್ಣಕ್ಕೆ ಕರೆದೊಯ್ದರು, ಬಾದಾಮಿಗೆ ಕರೆದೊಯ್ದರು. ಅವರ ಹೆಂಡತಿಗೆ ನಾನು ಒಗ್ಗಲಿಲ್ಲ. "ಇದರೊಳಗೆ ಮಲಗಿದರೆ ಯಾರೋ ಎಳೆದುಕೊಂಡು ಹೋದ ಹಾಗೆ ಆಗುತ್ತೆ" ಅನ್ನುತ್ತಿದ್ದರು. ಮುಧೋಳಕರರ ಮೊಣಕಾಲು ಹಿಡಿದುಕೊಂಡ ಮೇಲೆ ನನ್ನನ್ನು ಒಂದು ಧಾರಾವಾಹಿ ತೆಗೆಯುವ ಕಂಪನಿಗೆ ಮಾರಿದರು.

ಆ ಕಂಪನಿಯವರಿಗೆ ನಾನು ಬಣ್ಣ ಹಚ್ಚಿಕೊಳ್ಳುವ ಕೋಣೆ. ಬೇಸಿನ್ನಿನ ಪೈಪು ಸೋರತೊಡಗಿತು. ಯಾರೂ ಸರಿಮಾಡಿಸಲಿಲ್ಲ, ಕೆಳಗೆ ಒಂದು ಬಟ್ಟೆ ತುರುಕಿದರು. ಬಟ್ಟೆ ನೆನೆಯಿತು, ನೆಲದ ಹಲಗೆಯೂ ನೆನೆಯಿತು. ಒಂದು ದಿನ ಜನರೇಟರ್ ಇಡಲು ಬೇರೆ ಗಾಡಿ ಬರಲಿಲ್ಲವೆಂದು ಅದನ್ನು ತಂದು ನನ್ನ ಮುಂದಿನ ತೊಲೆಯ ಮೇಲೆ ಹೇರಿದರು. ಆಮೇಲೆ ಅದೇ ರೂಢಿಯಾಯಿತು. ಗುಂಡಿಯ ರಸ್ತೆಯಲ್ಲಿ ಆ ಭಾರ ಹೊತ್ತು ಓಡಿ ಓಡಿ, ಕೊಂಡಿಗೂ ತೊಲೆಗೂ ಬೆಸೆದ ಜಾಗದಲ್ಲಿ ಒಂದು ಬಿರುಕು ಹುಟ್ಟಿತು. ಕೂದಲೆಳೆಯಷ್ಟು ಸಣ್ಣದು. ನನಗೆ ಮಾತ್ರ ಗೊತ್ತಿದ್ದ ನೋವು ಅದು.

ಧಾರಾವಾಹಿ ನಿಂತಾಗ ನಾನು ಹುಬ್ಬಳ್ಳಿ ದಾರಿಯ ಮೇಲಿನ ಹಳೆ ಗಾಡಿಗಳ ಅಂಗಳಕ್ಕೆ ಬಂದೆ. ಅಂಗಳದ ಮಾಲೀಕ ಫಕ್ಕೀರಪ್ಪ ಜಾಲಿಹಾಳ. ಸಿಹಿ ಮಾತಿನವನು. ಅವನು ನನ್ನ ಬಿರುಕನ್ನು ಮೊದಲ ದಿನವೇ ಕಂಡ. ಬೆರಳಿನಿಂದ ಸವರಿದ, ಅತ್ತಿತ್ತ ನೋಡಿದ, ಸುಮ್ಮನಾದ. ನನಗೆ ಹೊಸ ಬಣ್ಣ ಬಳಿಸಿದ. ಟೈರುಗಳಿಗೆ ಕರಿ ಪಾಲಿಶ್ ತಿಕ್ಕಿಸಿದ. ಮೆತ್ತಗಾದ ನೆಲದ ಮೇಲೆ ಹೂವಿನ ಚಿತ್ರದ ಹೊಸ ಮ್ಯಾಟು ಹಾಸಿದ. ಗಿರಾಕಿ ಬರುವ ದಿನ ಒಳಗೆ ಊದುಬತ್ತಿ ಹಚ್ಚಿ ನನಗೆ ಪೂಜೆ ಮಾಡುತ್ತಿದ್ದ. ಪೂಜೆಯೆಂದರೆ ಎಂಥ ಪೂಜೆ! ಕೊಂಡಿಗೆ ಅರಿಶಿನ ಮೆತ್ತಿ, ಅದರ ಮೇಲೆ ಕುಂಕುಮವನ್ನು ದಪ್ಪಗೆ ಬಳಿದು, ಚೆಂಡುಹೂವಿನ ಸರ ಸುತ್ತುತ್ತಿದ್ದ. ಪೂಜೆ ಮಾಡಿದ ಗಾಡಿಯ ಕುಂಕುಮ ಒರೆಸುವವರು ನಮ್ಮ ಕಡೆ ಯಾರಿದ್ದಾರೆ? ಬಂದವರೆಲ್ಲ ಕೈಮುಗಿದು ಮುಂದೆ ಹೋಗುತ್ತಿದ್ದರು. ಬಿರುಕು ದೇವರ ಹಿಂದೆ ಬೆಚ್ಚಗೆ ಕೂತಿತ್ತು.

ಒಂದು ದಿನ ಮೂವರು ಬಂದರು. ಜೇನು ಸಾಕುವ ಮನೆಯವರು. ಜೇನುಪೆಟ್ಟಿಗೆಗಳನ್ನು ಹೊತ್ತು ಸೂರ್ಯಕಾಂತಿ ಹೂಬಿಟ್ಟಲ್ಲಿಗೆ, ಗುರೆಳ್ಳು ಹೂಬಿಟ್ಟಲ್ಲಿಗೆ ಹೋಗಿ ಹೊಲದ ಬದುವಿನಲ್ಲೇ ಬಿಡಾರ ಹೂಡುವವರು. ಅಳಿಯ ಬಾಳೇಶ, ಮಗಳು ಶಿವಲೀಲಾ, ಅವಳ ಬಗಲಲ್ಲಿ ಹಾಲು ಕುಡಿಯುವ ಕೂಸು. ಹಿಂದೆ ನಿಧಾನವಾಗಿ ಬಂದವಳು ಶಿವಲೀಲಾಳ ತಾಯಿ ಕಸ್ತೂರೆವ್ವ. ಹಿಂದಿನ ಸುಗ್ಗಿಯಲ್ಲಿ ಡೇರೆಯೊಳಗೆ ಬಾಣಂತಿಯ ಹಾಸಿಗೆಯಲ್ಲಿ ಚೇಳು ಸಿಕ್ಕಿತ್ತಂತೆ. ಮಗಳು, ಕೂಸು ನೆಲ ಬಿಟ್ಟು ಮೇಲೆ ಮಲಗಬೇಕು, ಅದಕ್ಕೇ ನನ್ನನ್ನು ನೋಡಲು ಬಂದಿದ್ದರು.

ಬಾಳೇಶ ಒಳಗೆ ಹೋದವನೇ ಮಂಚದ ಮೇಲೆ ಕೂತು ಕುಣಿದ. "ಶಿವಲೀಲಾ, ನೋಡಿಲ್ಲೆ, ಅರಮನಿ ಇದ್ದಂಗ ಐತಿ!"

ಕಸ್ತೂರೆವ್ವ ಒಳಗೆ ಬರಲೇ ಇಲ್ಲ. ಹೊರಗೆ ನಿಂತು ನನ್ನ ಟೈರನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಅಮ್ಮಾರ, ದೇವರಾಣಿ, ಹೊಸಾ ಮಾಲಿದ್ದಂಗ ಐತ್ರಿ" ಅಂದ ಫಕ್ಕೀರಪ್ಪ.

"ಹೊಸಾದಿದ್ರ ನಿಮ್ಮ ಅಂಗಳದಾಗ ಯಾಕ ನಿಂತೈತ್ರಿ?" ಅಂದಳು. ಉಗುರಲ್ಲಿ ಕರಿ ಪಾಲಿಶ್ ಬಂದಿತ್ತು. ಪಾಲಿಶ್ ಹೋದ ಕಡೆ ರಬ್ಬರು ಒಣಗಿದ ಕೆರೆಯಂತೆ ಬಿರಿದಿತ್ತು. "ಈ ಟೈರ್ ಸವದಿಲ್ಲ, ಖರೆ. ನಿಂತು ನಿಂತು ಮುದುಕಾಗ್ಯಾವು. ಎರಡೂ ಬದಲಿ ಆಗಬೇಕು. ಅಳಿಯಂದ್ರ, ಕುಣಿಯೂದು ಆದ ಮ್ಯಾಲೆ ಆರ್.ಸಿ. ಪುಸ್ತಕದಾಗಿನ ನಂಬರು, ಕಬ್ಬಿಣದ ಮ್ಯಾಲೆ ಕೊರದ ನಂಬರು ಒಂದ ಐತೇನು ನೋಡ್ರಿ."

ಬಾಳೇಶ ನಾಚಿಕೊಂಡು ಕೆಳಗಿಳಿದು ನಂಬರು ತಾಳೆ ನೋಡಿದ. ಅದು ಸರಿಯಿತ್ತು. ಕಸ್ತೂರೆವ್ವ ತಮ್ಮ ಜೀಪಿಗೆ ವೈರು ಕೂಡಿಸಿ ಹಿಂದಿನ ದೀಪ ಹಾಕಿಸಿದಳು, ಕೈಬ್ರೇಕು ಎಳೆಸಿದಳು, ನನ್ನನ್ನು ದೂಕಿಸಿ ನೋಡಿದಳು. ನಾನು ಅಲುಗಲಿಲ್ಲ. ಆಗ ಅವಳು ಒಂದು ವಿಚಿತ್ರ ಮಾತು ಹೇಳಿದಳು.

"ಒಳಗಿನ ಊದುಬತ್ತಿ ತಗೀರಿ. ಖಿಡಕಿ, ಬಾಗಲಾ ಎಲ್ಲಾ ಹಾಕ್ರಿ. ಬಿಸಲಾಗ ನಿಂದರ್ಲಿ. ನಾವು ಅಲ್ಲೀತನಕ ಬುತ್ತಿ ಉಣತೀವಿ."

"ಯಾಕ್ರಿ ಅಮ್ಮಾರ? ಗಾಡಿಗೇನು ಕಾವು ಕೊಡ್ತೀರೇನು?" ಫಕ್ಕೀರಪ್ಪ ನಕ್ಕ.

"ಮಂದಿ ಕಡಿಂದ ಹಳೇ ಜೇನಪೆಟ್ಟಿಗಿ ಕೊಳ್ಳೂಮುಂದ ನಾವು ಹಿಂಗ ಮಾಡೂದ್ರಿ. ಬಾಯಿ ಮುಚ್ಚಿ ಬಿಸಲಾಗ ಇಡೂದು, ಆಮ್ಯಾಲೆ ತಗದು ಮೂಸೂದು. ಒಳಗ ಹುಳಾ ಸತ್ತಿದ್ರ, ಹಲಗಿ ಕೊಳತಿದ್ರ, ಆವಾಗ ತಾನ ಹೇಳ್ತೈತಿ."

ಅವರು ಬೇವಿನ ನೆರಳಿನಲ್ಲಿ ರೊಟ್ಟಿ ಉಂಡರು. ನಾನು ಬಿಸಿಲಲ್ಲಿ ಬೆಂದೆ. ಕಡೆಗೆ ಅವಳು ಬಂದು ಬಾಗಿಲು ತೆಗೆದು, ಮೂಗನ್ನಷ್ಟೇ ಒಳಗಿಟ್ಟು, ಕಣ್ಣು ಮುಚ್ಚಿ ನಿಂತಳು. ಊದುಬತ್ತಿಯ ಕೆಳಗೆ ಅಡಗಿದ್ದ ಮುಗ್ಗಲು ವಾಸನೆಯೆಲ್ಲ ಎದ್ದು ಅವಳ ಮುಖಕ್ಕೆ ಹೊಡೆಯಿತು. ಆ ಕ್ಷಣ ನನಗೆ ಬಾಯಿ ಬಂದ ಹಾಗಾಯಿತು. ಅವಳು ಚಪ್ಪಲಿ ಬಿಟ್ಟು ಒಳಬಂದಳು. ಹಿಮ್ಮಡಿ ಊರಿ ಊರಿ ನಡೆದಳು. ಬೇಸಿನ್ನಿನ ಮುಂದೆ ನೆಲ ಕುಸಿಯಿತು. ಮ್ಯಾಟಿನ ಅಂಚು ಹಿಡಿದು ಎತ್ತಿದಳು. ಹಲಗೆ ನೆನೆದ ಬಿಸ್ಕೀಟಿನಂತಾಗಿತ್ತು.

"ನನಗ ಗೊತ್ತಿದ್ದಿಲ್ರೀ ಅಮ್ಮಾರ, ದೇವರಾಣಿ" ಅಂದ ಫಕ್ಕೀರಪ್ಪ.

"ಇರ್ಲಿ ಬಿಡ್ರಿ. ಮ್ಯಾಟಿಗೆ ಗೊತ್ತಿತ್ತು."

ನಾನು ಒಳಗೊಳಗೇ ಅಂದುಕೊಂಡೆ: ಇಷ್ಟು ಕಂಡವಳು ಕೊಂಡಿಯನ್ನು ಕಾಣುತ್ತಾಳೋ? ಅವಳು ಕೊಂಡಿಯ ಮುಂದೆ ಬಂದು ಬಾಗಿದಳು. ಕುಂಕುಮ ಕಂಡು ಕೈಮುಗಿದಳು. ಆಯಿತು, ಎಲ್ಲರ ಹಾಗೆ ಇವಳೂ ಹೋದಳು ಅಂದುಕೊಂಡೆ. ಅವಳು ಮಾತ್ರ ಹೋಗಲಿಲ್ಲ. ಸರವನ್ನೇ ನೋಡುತ್ತ ನಿಂತಳು.

"ಪೂಜಿ ಭಾಳ ಜೋರ ಮಾಡೀರಲ್ರಿ."

"ನಮಗ ದೇವರ ಮ್ಯಾಲೆ ಭಕ್ತಿ ಜಾಸ್ತಿರಿ."

"ಬರೇ ಕೊಂಡಿ ಮ್ಯಾಲಷ್ಟ? ಗಾಲಿಗೆ ಒಂದು ಬೊಟ್ಟೂ ಇಲ್ಲ, ಬಾಗಲಕ್ಕೂ ಇಲ್ಲ." ಅವಳು ತಿರುಗಿ, "ಶಿವಲೀಲಾ, ಬಾ ಇಲ್ಲೆ. ಕುಂಕುಮ ಹಚ್ಕೊ, ಪ್ರಸಾದ" ಅಂದಳು.

ಶಿವಲೀಲಾ ಬಂದಳು. ಕಸ್ತೂರೆವ್ವ ಕೊಂಡಿಯಿಂದ ಒಂದು ಚಿಟಿಕೆ ತೆಗೆದು ಮಗಳ ಹಣೆಗೆ ಹಚ್ಚಿದಳು. ಇನ್ನೊಂದು ಚಿಟಿಕೆ ತಾಳಿಗೆ. ಇನ್ನೊಂದು ಬೈತಲೆಗೆ. ಕೂಸಿನ ಹಣೆಗೆ. ತನ್ನ ಹಣೆಗೆ, ತನ್ನ ತಾಳಿಗೆ. "ಅಳಿಯಂದ್ರ, ನೀವೂ ಬರ್ರಿ." ಬಾಳೇಶನ ಹಣೆ ಕೆಂಪಾಯಿತು. ಪ್ರಸಾದ ತೆಗೆದುಕೊಳ್ಳುವವಳನ್ನು ಬೇಡ ಅನ್ನುವುದು ಹೇಗೆ? ಫಕ್ಕೀರಪ್ಪ ಬೆವರು ಒರೆಸಿಕೊಂಡ. ಕಡೆಗೆ ಅವಳು ಅವನನ್ನೇ ಕರೆದಳು. "ನೀವು ಮಾಡಿದ ಪೂಜಿ, ನಿಮಗ ಇಲ್ಲಂದ್ರ ಹೆಂಗ? ಬರ್ರಿ ಅಣ್ಣಾರ." ಉಳಿದದ್ದನ್ನು ಬಳಿದು ಅವನ ಹಣೆಗೆ ಅಡ್ಡಡ್ಡ ಹಚ್ಚಿದಳು. ಕೊಂಡಿ ಬರಿದಾಯಿತು. ಬಿರುಕು ಬಿಸಿಲಿಗೆ ಬಂತು.

"ಬಣ್ಣಾ ಸೀಳೈತ್ರಿ, ಅಷ್ಟ" ಅಂದ ಫಕ್ಕೀರಪ್ಪ.

"ಬಣ್ಣಾ ಸೀಳಿದ್ರ ಒಳಗಿಂದ ತುಕ್ಕು ಬರ್ತೈತೇನ್ರಿ?" ಅವಳ ದನಿ ಏರಲಿಲ್ಲ. "ಇದು ದಾರ್ಯಾಗ ಕಿತ್ತು ಹೋದ್ರ ಜೀಪ್ ಮುಂದ ಹೊಕ್ಕೈತಿ, ನನ್ನ ಮಗಳು ಹಳ್ಳಕ್ಕ ಹೊಕ್ಕಾಳ."

ಬಾಳೇಶನ ಮುಖ ಇಳಿದುಹೋಯಿತು. "ಬ್ಯಾಡ ಬಿಡ್ರಿ ಅತ್ತಿ, ಹೋಗೂಣು."

"ಯಾಕ? ಏನ ಕೆಟ್ಟೈತಿ ಅಂತ ಈಗ ಗೊತ್ತಾತು. ಬ್ಯಾರೇದು ನೋಡಾಕ ಹೋದ್ರ ಮತ್ತ ಮೊದಲಿಂದ ಹುಡುಕಬೇಕು. ಇವರು ತೊಲಿ, ಕೊಂಡಿ ಹೊಸಾದು ಹಾಕಿಸಿಕೊಡ್ಲಿ. ಬೆಸಿಗಿ ಹಾಕೂದು ನಮ್ಮ ಊರಿನ ವೆಲ್ಡರ್. ನಾ ಮುಂದ ಕುಂದರ್ತೀನಿ."

ಹಾಗೆಯೇ ಆಯಿತು. ಹಲಗೆ ಬದಲಾಯಿತು, ಟೈರು ಬದಲಾಯಿತು, ಗ್ಯಾಸಿನ ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೋ ನೋಡಿದರು. ನನ್ನ ಜನ್ಮದಲ್ಲಿ ಅಷ್ಟು ಅನುಮಾನವನ್ನು ನಾನು ಕಂಡಿರಲಿಲ್ಲ, ಅಷ್ಟು ಮಮತೆಯನ್ನೂ.

ಹೊಲಗಳ ಬದುಕು ಶುರುವಾಯಿತು. ಸುತ್ತ ಹಳದಿ ಹೂ, ಸಾಲಾಗಿ ಜೇನುಪೆಟ್ಟಿಗೆ, ನಡುವೆ ನಾನು. ಕೂಸು ನನ್ನ ನೆಲದ ಮೇಲೆ ಅಂಬೆಗಾಲಿಕ್ಕಿತು. ಎಲ್ಲ ಚೆನ್ನಾಗಿತ್ತು, ಇರುವೆಯೊಂದನ್ನು ಬಿಟ್ಟು. ಜೇನಿನ ಡಬ್ಬಿಗಳನ್ನು ಒಲೆಕಟ್ಟೆಯ ಪಕ್ಕ ಇಡುತ್ತಿದ್ದರು. ಇರುವೆಗಳು ಸಿಲಿಂಡರಿನ ಕೆಳಗಿನ ಜಾಳಿಗೆಯಿಂದ ಸಾಲುಗಟ್ಟಿ ಬಂದವು. ಜೇನು ಸಾಕುವವರಿಗೆ ಸಂದು ಕಂಡರೆ ಕೈ ಸುಮ್ಮನಿರುವುದಿಲ್ಲ. ಪೆಟ್ಟಿಗೆಯಲ್ಲಿ ಬಿರುಕು ಕಂಡರೆ ಮೇಣ ತುಂಬುವುದೇ ಅವರ ರೂಢಿ. ಬಾಳೇಶ ಬಿಸಿ ಮೇಣ ಕರಗಿಸಿ ಜಾಳಿಗೆಯ ಮೇಲೆ ಸುರಿದು, ಬೆರಳಿನಿಂದ ಒತ್ತಿ, ಕಂಡಿಯನ್ನು ಮುಚ್ಚಿಬಿಟ್ಟ. ಇರುವೆ ನಿಂತಿತು. ಅವನು ಖುಷಿಯಾಗಿ ಶಿಳ್ಳೆ ಹಾಕಿದ. ಅಪ್ಪಾ, ಅದು ಇರುವೆಯ ಬಾಗಿಲಲ್ಲ ಅಂತ ಕೂಗಬೇಕೆನಿಸಿತು ನನಗೆ. ಕೂಗುವುದೆಲ್ಲಿಂದ? ಕಸ್ತೂರೆವ್ವ ಆ ಹೊತ್ತು ದೂರದ ಪೆಟ್ಟಿಗೆಗಳ ಹತ್ತಿರ ಇದ್ದಳು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಹೊಲದ ಇಲಿಯೊಂದು ಬಂದು ಗ್ಯಾಸಿನ ಪೈಪು ಕಡಿಯಿತು.

ಮುಂಜಾನೆ. ಬಾಳೇಶ ಪೆಟ್ಟಿಗೆ ನೋಡಲು ಹೋಗಿದ್ದ. ಶಿವಲೀಲಾಗೆ ನೆಗಡಿ, ಮೂಗು ಕಟ್ಟಿತ್ತು. ಕೂಸು ನೆಲದ ಮೇಲೆ ಕೌದಿಯಲ್ಲಿ ಮಲಗಿತ್ತು. ಗ್ಯಾಸು ಹೊರಗೆ ಹೋಗಲು ದಾರಿ ಹುಡುಕಿತು, ಮೇಣ ಬಿಡಲಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಡಿತು, ಕೌದಿಯನ್ನು ಮುಟ್ಟಿತು. ಶಿವಲೀಲಾ ಚಹಾಕ್ಕೆ ಪಾತ್ರೆ ಇಟ್ಟು ಕಡ್ಡಿಪೆಟ್ಟಿಗೆ ತೆಗೆದುಕೊಂಡಳು. ಅದೇ ಹೊತ್ತಿಗೆ ಕಸ್ತೂರೆವ್ವ ಬಾಗಿಲ ಕಡೆ ಬರುತ್ತಿದ್ದಳು. ಅವಳ ಕೈಯಲ್ಲಿ ಜೇನಿಗೆ ಹೊಗೆ ಹಾಕುವ ಡಬ್ಬಿ, ಒಳಗೆ ಕೆಂಡ.

ಮೆಟ್ಟಿಲಿಗೆ ಇನ್ನೂ ನಾಲ್ಕು ಮಾರು ಇರುವಾಗಲೇ ಅವಳ ಮೂಗು ಅರಳಿತು. ಹೊಗೆಡಬ್ಬಿಯನ್ನು ಹಿಂದಕ್ಕೆ ಹೊಲದೊಳಗೆ ಬೀಸಿ ಒಗೆದಳು.

"ಶಿವಲೀಲಾ! ಕಡ್ಡಿ ಗೀರಬ್ಯಾಡ!"

"ಯಾಕಬೇ?"

"ಕೈಯಾಗಿಂದು ಕೆಳಗಿಡು. ಏನೂ ಕೇಳಬ್ಯಾಡ. ಬ್ಯಾಟರಿ ಫ್ಯಾನಿನ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ. ಕೂಸಿನ್ನ ಎತ್ಕೊಂಡು ಹೊರಗ ಬಾ."

ಶಿವಲೀಲಾ ಕೂಸನ್ನು ಎತ್ತಿದಳು. ಅದರ ಕುತ್ತಿಗೆ ನಿಲ್ಲಲಿಲ್ಲ. ಹೊರಗೆ ಗಾಳಿಗೆ ತಂದು, ಬೆನ್ನು ಉಜ್ಜಿ, ಹೆಸರು ಹಿಡಿದು ಕರೆದರು. ಕೂಸು ಬಾಯಿ ತೆರೆಯಿತು, ಆದರೆ ದನಿ ಇಲ್ಲ. ನಾನು ಬಾಗಿಲು ತೆರೆದುಕೊಂಡು ನಿಂತೇ ಇದ್ದೆ, ನನ್ನ ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡು. ಕಡೆಗೊಮ್ಮೆ ಅದು ವಾಂತಿ ಮಾಡಿತು. ಮಾಡಿ ಜೋರಾಗಿ ಅತ್ತಿತು. ಆ ಅಳುವಿನಷ್ಟು ಇಂಪಾದ ದನಿಯನ್ನು ನಾನು ಕೇಳಿಲ್ಲ. ಬಾಳೇಶ ಓಡಿ ಬಂದ. ಶಿವಲೀಲಾಳನ್ನೂ ಕೂಸನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ. ಅವರು ಸಂಜೆ ನಗುತ್ತ ಮರಳಿದರು.

ಅಷ್ಟು ಹೊತ್ತು ಕಸ್ತೂರೆವ್ವ ಒಬ್ಬಳೇ ಇದ್ದಳು. ಸಿಲಿಂಡರನ್ನು ಬಂದ್ ಮಾಡಿ, ಹೊರಗೆ ಉರುಳಿಸಿ, ನನ್ನ ಮೂಲೆಮೂಲೆ ಹುಡುಕಿದಳು. "ಆ ಫಕ್ಕೀರಪ್ಪನ ಮಾರಿಗೆ ಮಣ್ಣ ಹಾಕ, ಇನ್ನ ಏನ ಮುಚ್ಚಿಟ್ಟಾನ ಇದರಾಗ" ಅಂತ ಬೈಯುತ್ತ ನನ್ನ ಹೊಟ್ಟೆಯಡಿ ತೆವಳಿದಳು. ಅಲ್ಲಿ ಜಾಳಿಗೆ ಕಂಡಿತು. ಜಾಳಿಗೆಯ ತುಂಬ ಮೇಣ. ಉಗುರಲ್ಲಿ ಕೆರೆದು ಮೂಸಿದಳು. ಗುರೆಳ್ಳಿನ ಹೂವಿನ ವಾಸನೆ. ಅವರದೇ ಪೆಟ್ಟಿಗೆಯ ಮೇಣ. ಅವಳ ಬೈಗುಳ ನಿಂತುಹೋಯಿತು. ಒಂದು ಚೂರು ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಬಾಳೇಶ ಬಂದಾಗ ಮೇಣದ ಚೂರನ್ನು ಅವನ ಅಂಗೈಯಲ್ಲಿಟ್ಟಳು.

"ಅತ್ತಿ, ಇರಬಿ ಬರ್ತಿದ್ವು…" ಅಂದ.

"ಅಳಿಯಂದ್ರ, ಪೆಟ್ಟಿಗಿ ಲಾರ್ಯಾಗ ಹೇರೂಮುಂದ ಬಾಯಿಗೆ ಏನ ಕಟ್ತೀರಿ?"

"ಜಾಳಿಗಿ."

"ಮೇಣಾ ಯಾಕ ಹಾಕೂದಿಲ್ಲ?"

"ಹುಳಾ ಉಸಿರುಗಟ್ಟಿ ಸಾಯ್ತಾವ್ರಿ" ಅಂದವನು ತಲೆ ತಗ್ಗಿಸಿ ಅತ್ತ. ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು. "ನಂದೂ ತಪ್ಪೈತಿ. ಮಾರಾವನ ಮ್ಯಾಲೆ ಸಂಶೇ ಪಟ್ಟೆ, ತಂದ ಮ್ಯಾಲೆ ಸುಮ್ಮಕಾದೆ."

ಜೇನಿನ ಡಬ್ಬಿಗಳು ಹೊರಗೆ, ನೀರಿನ ಬಟ್ಟಲಲ್ಲಿ ಕಾಲೂರಿದ ಸ್ಟ್ಯಾಂಡಿನ ಮೇಲೆ ಹೋದವು. ಜಾಳಿಗೆಯ ಮೇಣ ಹೋಗಿ ಕಂಡಿ ಮತ್ತೆ ತೆರೆದುಕೊಂಡಿತು. ಅಂದಿನಿಂದ ಬಿಡಾರ ಬದಲಿಸುವಾಗಲೆಲ್ಲ ಕಸ್ತೂರೆವ್ವ ನನ್ನನ್ನು ಹೊಸದಾಗಿ ಕೊಳ್ಳಲು ಬಂದವಳಂತೆ ಸುತ್ತು ಹಾಕುತ್ತಿದ್ದಳು. ಬಾಗಿಲು ಮುಚ್ಚಿ, ಬಿಸಿಲಲ್ಲಿಟ್ಟು, ಮೂಸಿ, ಹೊಟ್ಟೆಯಡಿ ತೆವಳಿ. ಶಿವಲೀಲಾ ಚೇಷ್ಟೆ ಮಾಡುತ್ತಿದ್ದಳು: "ಯವ್ವಾ, ಇವತ್ತು ಮಾಲಕರು ಯಾರು, ಗಿರಾಕಿ ಯಾರು?"

ವರ್ಷಗಳು ಉರುಳಿದವು. ಆ ಕೂಸು ಶಾಲೆಗೆ ಹೋಗುವಷ್ಟು ದೊಡ್ಡದಾಯಿತು. ಬಾಳೇಶ ಊರಲ್ಲೇ ಮನೆ ಕಟ್ಟಿ ಪಿಕಪ್ ಗಾಡಿ ಕೊಂಡ. ನನ್ನ ಚಕ್ರದ ಅಚ್ಚು ತುಕ್ಕು ಹಿಡಿದು ತೆಳ್ಳಗಾಯಿತು, ಬ್ರೇಕು ಹಿಡಿಯದಾಯಿತು. ನನ್ನನ್ನು ಮಾರಿಬಿಡೋಣ ಅಂದರು. ಗುರುಪಾದ ಅನ್ನುವ ಒಬ್ಬ ಬಂದ. ಟ್ರ್ಯಾಕ್ಟರು ತಂದೇ ಬಂದಿದ್ದ. ಚಹಾದಂಗಡಿ ಮಾಡಿ ಒಂದೇ ಕಡೆ ನಿಲ್ಲಿಸುತ್ತೇನೆ ಅಂದ.

ಕಸ್ತೂರೆವ್ವ ಕೋಲೂರಿಕೊಂಡು ಬಂದು ಅವನಿಗೆ ನನ್ನ ಒಂದೊಂದೇ ಹುಳುಕು ತೋರಿಸಿದಳು. "ಅಚ್ಚು ಹೋಗೈತ್ರಿ. ಬ್ರೇಕ್ ಇಲ್ಲ. ಇಲ್ಲೆ ನೆಲಾ ಮತ್ತ ಮೆತ್ತಗಾಗೈತಿ. ಈ ವೈರಿಗೆ ಇಲಿ ಬಾಯಿ ಹಾಕೈತಿ. ಇದನ್ನ ರಸ್ತೆಕ್ಕ ಒಯ್ಯೂಹಂಗಿಲ್ಲ."

ಗುರುಪಾದ ಒಂದೊಂದನ್ನೂ ಬಗ್ಗಿ ನೋಡಿದ, ಗಮನವಿಟ್ಟು ಕೇಳಿದ. ಇಷ್ಟು ನಿಗಾ ಇರುವವನು ಒಳ್ಳೆಯವನೇ ಇರಬೇಕು ಅಂತ ನನಗೂ ಅನಿಸಿತು. ಎದ್ದು ಕೈ ಝಾಡಿಸಿಕೊಂಡು ಅಂದ: "ಆಯಿ, ಚಿಂತಿ ಮಾಡಬ್ಯಾಡ್ರಿ. ಮ್ಯಾಟು ಹಾಸಿ, ಬಣ್ಣಾ ಹೊಡದ್ರ ಒಂದೂ ಕಾಣೂದಿಲ್ಲ."

ಕಸ್ತೂರೆವ್ವ ಅವನ ಮುಖ ನೋಡಿದಳು. "ಚಹಾದಂಗಡಿಗೆ ಬಂದಾವ್ರು ಅಚ್ಚು ನೋಡ್ತಾರೇನಪಾ?"

ಅವನು ನಕ್ಕು, ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದ. ಅವಳು ತೋರಿಸಿದ್ದು ಎಚ್ಚರಕ್ಕೆ. ಅವನು ಕಲಿತದ್ದು ಮುಂದೆ ಇನ್ಯಾರಿಗೋ ಮಾರುವಾಗ ಏನೇನು ಮುಚ್ಚಬೇಕು ಅನ್ನುವುದನ್ನು.

"ಮಾರೂದಿಲ್ಲ. ಹೋಗಿ ಬಾ ತಮ್ಮಾ" ಅಂದಳು.

ಟ್ರ್ಯಾಕ್ಟರು ಬರಿಗೊಂಡಿಯಲ್ಲೇ ಹೋಯಿತು. ಮರುದಿನ ಅವಳು ವೆಲ್ಡರನ್ನು ಕರೆಸಿದಳು. "ತೊಲಿ ಬುಡಕ್ಕ ಕತ್ತರಸು. ಗಾಲಿನೂ ಬಿಚ್ಚು, ಅಚ್ಚೂ ಕಡಿ" ಅಂದಳು.

"ಯವ್ವಾ, ಕೊಂಡಿ ಇಲ್ಲಂದ್ರ ಇನ್ನ ಇದನ್ನ ಯಾರೂ ಕೊಳ್ಳೂದಿಲ್ಲ" ಅಂದಳು ಶಿವಲೀಲಾ.

"ನಾ ಇರೂತನಕ ನಾ ಹೇಳ್ತೀನಿ. ನಾ ಹೋದ ಮ್ಯಾಲೆ ನೀನು ಯಾರಿಗೋ ಕೊಡ್ತಿ, ಅವರು ಇನ್ನ ಯಾರಿಗೋ ಕೊಡ್ತಾರ. ಅಲ್ಲಿ ಕುಂಕುಮ ಕೆದರಾವರು ಯಾರಿರ್ತಾರವ್ವಾ?"

ಕಿಡಿ ಹಾರಿತು. ನೋವಾಗಲಿಲ್ಲ ಅಂದರೆ ಸುಳ್ಳಾದೀತು. ಈಗ ನಾನು ಇವರ ಹಿತ್ತಲಿನಲ್ಲಿ ನಾಲ್ಕು ಕಲ್ಲುಗಳ ಮೇಲೆ ಕೂತಿದ್ದೇನೆ. ಒಳಗೆ ಖಾಲಿ ಜೇನುಪೆಟ್ಟಿಗೆಗಳಿವೆ, ಒಂದು ಕೋಳಿ ಮೊಟ್ಟೆ ಇಡಲು ಬರುತ್ತದೆ. ಆಚೆಯ ರಸ್ತೆಯಲ್ಲಿ ಗಾಡಿಗಳು ಓಡುವುದು ಕೇಳಿಸುತ್ತದೆ. ಆ ರಸ್ತೆಯಲ್ಲಿ ಎಲ್ಲಿಗೋ ಹೊರಟ ಒಬ್ಬಳು ತಾಯಿ ಇದ್ದಾಳು, ಅವಳ ಬಗಲಲ್ಲಿ ಒಂದು ಕೂಸಿದ್ದೀತು. ಅವರ ಗುರುತು ನನಗಿಲ್ಲ, ಕಸ್ತೂರೆವ್ವನಿಗೂ ಇಲ್ಲ. ಹುಳುಕು ಮುಚ್ಚಿಕೊಂಡು ರಸ್ತೆಯಲ್ಲಿ ಓಡುವ ನನ್ನೊಳಗೆ ಆ ಕೂಸು ಎಂದೂ ನಿದ್ದೆ ಹೋಗುವುದಿಲ್ಲ. ಇಷ್ಟು ಗೊತ್ತಾದ ಮೇಲೆ, ಕಲ್ಲಿನ ಮೇಲೆ ಕೂರುವುದು ಅಂಥ ಕಷ್ಟವೇನಲ್ಲ.